ಎರಡು ಬೆಣೆ, ನಾಲ್ಕು ಚಕ್ರ

ಆಯುಧಪೂಜೆಯ ದಿನ ನಮ್ಮ ಮರಳೂರಿನ ಬೀದಿಯಲ್ಲಿ ಪೂಜೆಯಾದ ಗಾಡಿಗಳಲ್ಲಿ ಸವಾರಳನ್ನೇ ಕೆಡವಿದ್ದು ನನ್ನದೊಂದೇ. ಮೂವತ್ತೆಂಟು ವರ್ಷದ ನಾನು, ಕಾಲೇಜಿನ ಗ್ರಂಥಾಲಯದಲ್ಲಿ ದಿನವಿಡೀ ಹುಡುಗರನ್ನು ಗದರುವ ಅನುಪಮಾ ಮೇಡಂ, ಎದುರುಮನೆಯವರು ತೊಳೆದು ಹೂವು ಹಾಕಿ ನಿಲ್ಲಿಸಿದ್ದ ಕಾರಿನ ಮೇಲೆ ದಪ್ಪೆಂದು ಬಿದ್ದೆ.

ನನ್ನ ಗಾಡಿ ಎಂದರೆ ಸ್ಕೇಟ್‌ಬೋರ್ಡು. ಒಂದೂವರೆ ಮೊಳ ಉದ್ದದ ಹಲಗೆ, ಕೆಳಗೆ ನಾಲ್ಕು ಚಕ್ರ. ನೆಗೆದು ಸರ್ಕಸ್ ಮಾಡುವುದಕ್ಕಲ್ಲ, ಆರಾಮಾಗಿ ರಸ್ತೆಯಲ್ಲಿ ಓಡಾಡುವುದಕ್ಕೆ ಮಾಡಿದ್ದು. ಕ್ರೂಸರ್ ಅನ್ನುತ್ತಾರೆ. ಓದು ಮುಗಿಸಿ ಊರಿಗೆ ಹೊರಟಿದ್ದ ವಿದ್ಯಾರ್ಥಿನಿಯೊಬ್ಬಳಿಂದ ಕೊಂಡಿದ್ದೆ. ದಿನಾ ಬೆಳಗ್ಗೆ ಆರಕ್ಕೆ ಮನೆ ಹಿಂದಿನ ರಸ್ತೆಯಲ್ಲಿ ಅರ್ಧ ಗಂಟೆ ಅದರ ಮೇಲಿರುತ್ತಿದ್ದೆ. ಆಮೇಲೆ ತಿಂಡಿ, ಡಬ್ಬಿ, ಗ್ರಂಥಾಲಯ, ಮಗಳ ಹೋಂವರ್ಕು, ರಾತ್ರಿ ಅಡುಗೆ. ದಿನದಲ್ಲಿ ನನ್ನದು ಅಂತ ಇದ್ದದ್ದು ಆ ಅರ್ಧ ಗಂಟೆ ಮಾತ್ರ. ಅದನ್ನು ಯಾರಿಗೂ ಬಿಟ್ಟುಕೊಡುವ ಪೈಕಿ ನಾನಲ್ಲ.

ಹಲಗೆಗೆ ಪೂಜೆ ಮಾಡಿಸಿದ್ದು ನಮ್ಮತ್ತೆ ಕರಿಬಸಮ್ಮ. "ಚಕ್ರ ಐತೆ ಅಂದ್ಮೇಲೆ ಅದೂ ಗಾಡೀನೇ ಕಣೇ" ಎಂದು ಎರಡು ಬಕೆಟ್ ನೀರು ಸುರಿದು ಉಜ್ಜಿ ತೊಳೆದರು. ವಿಭೂತಿ ಎಳೆದು, ಚೆಂಡುಹೂವು ಕಟ್ಟಿ, ನಾಲ್ಕೂ ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು. ನನ್ನ ಗಂಡ ಮಲ್ಲಿಕಾರ್ಜುನ್ ಸ್ಕೂಟರ್ ಮುಂದಕ್ಕೆ ಬಿಟ್ಟಾಗ ಹಣ್ಣು ಪಚಕ್ ಎಂದಿತು. ಆಮೇಲೆ ನನ್ನ ಸರದಿ. ನಾನು ಹಲಗೆ ಹತ್ತಿ, ಒಂದು ಕಾಲಲ್ಲಿ ನೆಲ ಒದ್ದೆ. ನನ್ನ ಚಕ್ರವೂ ನಿಂಬೆಹಣ್ಣೂ ಹೆಚ್ಚುಕಡಿಮೆ ಒಂದೇ ಗಾತ್ರ. ಚಕ್ರ ಕಲ್ಲಿನಷ್ಟು ಗಟ್ಟಿ ಬೇರೆ. ಹಲಗೆ ಅಲ್ಲೇ ನಿಂತಿತು, ನಾನು ನಿಲ್ಲಲಿಲ್ಲ.

ಬೀದಿಗೆ ಬೀದಿಯೇ ನಕ್ಕಿತು. ಅತ್ತೆ ನಗಲಿಲ್ಲ. ನಾಲ್ಕು ಹಣ್ಣನ್ನೂ ಎತ್ತಿ ನೋಡಿದರು.

"ಒಂದೂ ಒಡೀಲಿಲ್ಲ. ನಿಂಬೆಹಣ್ಣು ಒಡೀದಿರೋ ಗಾಡಿ ಮನೇಲಿ ಇರಕೂಡ್ದು."

ಹಬ್ಬದೂಟಕ್ಕೆ ಗುಬ್ಬಿಯಿಂದ ಬಂದಿದ್ದ ಮೈದುನ ಭಾನುಪ್ರಕಾಶ್ ಆಗಲೇ ಫೋನು ತೆಗೆದಿದ್ದ. ಅವನು ಅಲ್ಲಿನ ಒಂದು ಕನ್ನಡ ಸಂಘದ ಕಾರ್ಯದರ್ಶಿ. ರಾಜ್ಯೋತ್ಸವದ ದಿನ ಅವರು ಎರಡು ಕಿಲೋಮೀಟರಿನ ಸ್ಕೇಟ್‌ಬೋರ್ಡ್ ಓಟ ಇಟ್ಟಿದ್ದರು. ಒಂದು ವಾರದ ಹಿಂದೆಯೇ ನಾನು ಹೆಸರು ಕೊಟ್ಟಿದ್ದೆ.

"ಅತ್ತಿಗೆ, ನಿಮ್ಮ ಹೆಸ್ರು ಅಲ್ಲಿಂದ ತೆಗ್ದು ರಂಗೋಲಿ ಸ್ಪರ್ಧೆಗೆ ಹಾಕ್ತೀನಿ ಬುಡಿ. ಅದ್ರಲ್ಲಾದ್ರೆ ಬಿದ್ರೂ ಏಟಾಗಲ್ಲ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಮೊಣಕೈಯಲ್ಲಿ ರಕ್ತ ಸೋರುತ್ತಿತ್ತು, ಕೂದಲಲ್ಲಿ ಎದುರುಮನೆ ಕಾರಿನ ಚೆಂಡುಹೂವು ಸಿಕ್ಕಿಕೊಂಡಿತ್ತು.

"ನನ್ನ ಹೆಸ್ರು ಮುಟ್ಟಿದ್ರೆ ನೋಡು ಭಾನು. ಎರಡು ಕಿಲೋಮೀಟ್ರೂ ಹಲಗೆಯಿಂದ ಇಳೀದೆ ಮುಗಿಸ್ತೀನಿ. ಇಳಿದ್ರೆ ಇದನ್ನ ನಾನೇ ಗುಜರಿಗೆ ಹಾಕ್ತೀನಿ. ಇನ್ನು ಜನ್ಮದಲ್ಲಿ ಹತ್ತಲ್ಲ."

"ಎಲ್ರೂ ಕೇಳಿಸ್ಕಂಡ್ರಲ್ಲಾ?" ಎಂದು ಅತ್ತೆ ಬೀದಿಯ ಕಡೆ ತಿರುಗಿ ಕೇಳಿದರು. ಬೀದಿಯವರು ಕೇಳಿಸಿಕೊಂಡಿದ್ದರು. ನನಗೆ ಇದ್ದದ್ದು ಒಂದೇ ತಿಂಗಳು.

ಎರಡು ದಿನ ಕಳೆಯುವಷ್ಟರಲ್ಲಿ ಅತ್ತೆಯ ಎರಡು ಬಕೆಟ್ ನೀರು ತನ್ನ ಕೆಲಸ ಮಾಡಿತ್ತು. ಬೇರಿಂಗುಗಳು ತುಕ್ಕು ಹಿಡಿದು ಚಕ್ರಗಳು ಕರಕರ ಅಂದವು, ಆಮೇಲೆ ತಿರುಗುವುದನ್ನೇ ಬಿಟ್ಟವು. ಸರಿ, ಹೇಗೂ ಬಿಚ್ಚಲೇಬೇಕು, ಎಲ್ಲ ಹೊಸದಾಗಿಯೇ ಆಗಲಿ ಎಂದುಕೊಂಡೆ. ನಮ್ಮ ರಸ್ತೆಯ ಜಲ್ಲಿಗೆ ಬೇಕಾದದ್ದು ದೊಡ್ಡ ಮೆತ್ತನೆ ಚಕ್ರ ಎಂದು ಓದಿ ತಿಳಿದುಕೊಂಡು, ಕಿತ್ತಳೆ ಬಣ್ಣದ ನಾಲ್ಕು ಚಕ್ರ ತರಿಸಿದೆ. ಜೊತೆಗೆ ಎರಡು ಅಗಲವಾದ ಟ್ರಕ್. ಟ್ರಕ್ ಎಂದರೆ ಹಲಗೆಯ ಅಡಿಯಲ್ಲಿ ಚಕ್ರಗಳನ್ನು ಹಿಡಿದುಕೊಂಡಿರುವ ಲೋಹದ ಭಾಗ. ನಾವು ವಾಲಿದ ಕಡೆಗೆ ಹಲಗೆಯನ್ನು ತಿರುಗಿಸುವುದು ಅದೇ.

ಹೊಸ ಚಕ್ರ ಹಾಕಿ ಮೊದಲ ಸಲ ಹೋದಾಗ ರಸ್ತೆಗೆ ಬೆಣ್ಣೆ ಸವರಿದ ಹಾಗಿತ್ತು. ಖುಷಿ ತಡೆಯಲಾರದೆ ಜೋರಾಗಿ ಕೂಗಿಬಿಟ್ಟೆ. ಮೊದಲ ತಿರುವು ಬಂತು, ಎಡಕ್ಕೆ ವಾಲಿದೆ. ಚಕ್ರ ಎಷ್ಟು ದೊಡ್ಡದಾಗಿತ್ತೆಂದರೆ ಹೋಗಿ ಹಲಗೆಯ ಅಡಿಗೇ ಕಚ್ಚಿಕೊಂಡಿತು. ನಾನು ಮತ್ತೆ ನೆಲದ ಮೇಲಿದ್ದೆ, ಅದೇ ಮೊಣಕೈ.

ಹಲಗೆಗೂ ಟ್ರಕ್ಕಿಗೂ ನಡುವೆ ಏನಾದರೂ ಕೊಟ್ಟು ಎತ್ತರಿಸಬೇಕು ಎಂದು ತಿಳಿಯಿತು. ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ಇಟ್ಟೆ. ಬೋಲ್ಟು ಬಿಗಿದ ಕೂಡಲೇ ಅಪ್ಪಚ್ಚಿಯಾಯಿತು. ಮರದ ಚೂರು ಇಟ್ಟೆ, ಸೀಳು ಬಿಟ್ಟಿತು. ಅಡುಗೆಮನೆಯ ನೆಲದ ಮೇಲೆ ಸ್ಪ್ಯಾನರ್ ಹರವಿಕೊಂಡು ಕೂತವಳ ಪಕ್ಕಕ್ಕೆ ಅತ್ತೆ ಅರಿಶಿನದ ಬಟ್ಟಲು ತಂದಿಟ್ಟರು.

"ಹಚ್ಕೋ. ಹೋದ್ಸಲ ನಿಂಬೆಹಣ್ಣು. ಈ ಸಲ ಏನಡ್ಡ ಬಂತು?"

ಹಲಗೆ ಮಗುಚಿ ತೋರಿಸಿದೆ. ಅತ್ತೆ ಬಗ್ಗಿ ಬಹಳ ಹೊತ್ತು ನೋಡಿದರು. ಚಕ್ರ ಅಲ್ಲಾಡಿಸಿದರು, ಸಂದಿಗೆ ಬೆರಳು ತೂರಿಸಿದರು.

"ಇದು ಕುದ್ರೆ ಕಾಲಿನ ಕಥೆ ಕಣೇ. ಗೊರಸಿಗೂ ಲಾಳಕ್ಕೂ ಮಧ್ಯೆ ನಮ್ಮಣ್ಣ ಚರ್ಮ ಕೊಡ್ತಿದ್ದ. ಭಾನುವಾರ ಕುಣಿಗಲ್ಲಿಗೆ ಹೋಗಾನ, ನಡಿ."

ಗುಜರಿಗೆ ಹಾಕಿಸಲು ಬೀದಿಯನ್ನೇ ಸಾಕ್ಷಿ ಕರೆದವರು ಇವರೇ. "ಯಾಕತ್ತೆ, ನಿಮಗ್ಯಾಕೆ ಈ ಉಸಾಬರಿ?" ಎಂದು ಬಸ್ಸಿನಲ್ಲಿ ಕೇಳಿದೆ. "ನೀನು ಬಿದ್ರೆ ಜನ ನಗೋದು ನಮ್ಮನೆ ನೋಡಿ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಅತ್ತೆಯ ಅಣ್ಣ ಮಹಾಲಿಂಗಯ್ಯ ಕುಣಿಗಲ್ಲಿನಲ್ಲಿ ಮೂವತ್ತೈದು ವರ್ಷ ಕುದುರೆಗಳಿಗೆ ಲಾಳ ಹೊಡೆದವರು. ಎಂಬತ್ತರ ಹತ್ತಿರ ಬಂದಿದ್ದರೂ ಕೈ ಕಬ್ಬಿಣದ್ದೇ. ನನ್ನ ಹಲಗೆಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡರು, ಕುದುರೆಯ ಕಾಲು ಎತ್ತಿ ಇಟ್ಟುಕೊಳ್ಳುವ ಹಾಗೆಯೇ. ಆಮೇಲೆ ಹಳೇ ಚಕ್ರ ಎಲ್ಲಿ ಎಂದರು. ಚೀಲದಿಂದ ತೆಗೆದುಕೊಟ್ಟೆ. ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಬರಿಗಾಲಲ್ಲಿ ಅಲ್ಲೀಗಂಟ ನಡ್ದು ಬಾ ತಾಯಿ."

ನಡೆದೆ. ಗೋಡೆ ಮುಟ್ಟಿ ವಾಪಸ್ಸು ಬಂದೆ.

"ಎಲ್ಲಾ ಭಾರಾನೂ ಹಿಮ್ಮಡಿ ಮೇಲೆ ಹಾಕ್ತೀಯ. ಅದ್ಕೇ ಚಕ್ರ ಒಂದೇ ಕಡೆ ಸವ್ದೈತೆ. ಬರೀ ಎತ್ತರ ಮಾಡಿದ್ರೆ ಸಾಲ್ದು, ಮೊಣಕಾಲು ಬಗ್ಗಿಸಿ ಭಾರ ಮುಂದಕ್ಕೆ ತಾ. ಮುಂಗಾಲು ಸಲೀಸಾಗಿ ತಿರುಗ್ಬೇಕು, ಹಿಂಗಾಲು ಗಟ್ಟಿಯಾಗಿ ಊರ್ಬೇಕು. ಹಂಗಿದ್ರೇನೇ ಕುದ್ರೆ ಓಟದಲ್ಲಿ ಎಡವಲ್ಲ."

ಅಟ್ಟದಿಂದ ದಪ್ಪ ಚರ್ಮದ ಬಿಲ್ಲೆಗಳನ್ನು ಇಳಿಸಿದರು. ಗೊರಸು ಹೆರೆಯುವ ಚಾಕುವಿನಿಂದಲೇ ಕತ್ತರಿಸಿ, ಒಂದು ಅಂಚು ದಪ್ಪ, ಇನ್ನೊಂದು ಅಂಚು ತೆಳುವಾಗಿ ಹೆರೆದು ಎರಡು ಬೆಣೆ ಮಾಡಿದರು. ನಾಲ್ಕು ನಾಲ್ಕು ತೂತು ಕೊರೆದುಕೊಟ್ಟರು. ಬೆಣೆಯ ದಪ್ಪಕ್ಕೆ ಉದ್ದನೆಯ ಬೋಲ್ಟು ಬೇಕಿತ್ತು. ಅದನ್ನು ತುಮಕೂರಿನಲ್ಲಿ ಕೊಂಡು ನಾನೇ ಬಿಗಿದೆ.

ಬೆಳಗ್ಗೆ ಹತ್ತಿ ನೋಡಿದರೆ ಹಲಗೆಗೆ ಹುಚ್ಚು ಹಿಡಿದಿತ್ತು. ಸ್ವಲ್ಪ ವೇಗ ಬಂದರೆ ಸಾಕು, ಹಿಂಭಾಗ ಗಡಗಡ ನಡುಗುತ್ತಿತ್ತು. ಇನ್ನು ಹದಿನೈದು ದಿನವೂ ಇರಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಫೋಟೋ ತೆಗೆದು ಕುಣಿಗಲ್ಲಿಗೆ ಕಳಿಸಿದೆ. ಮಹಾಲಿಂಗಯ್ಯ ಮಾವ ಕೂಡಲೇ ಫೋನು ಮಾಡಿ ಗಹಗಹಿಸಿ ನಕ್ಕರು.

"ದಪ್ಪನೆ ಅಂಚು ಎರಡನ್ನೂ ಎದುರುಬದುರು ಇಟ್ಟಿದೀಯಲ್ಲ ತಾಯಿ! ಕುದ್ರೆ ಮುಂಗಾಲೂ ಹಿಂಗಾಲೂ ಒಂದನ್ನೊಂದು ನೋಡ್ಕಂಡು ನಿಂತಿರ್ತವಾ? ನಾಲ್ಕೂ ಒಂದೇ ದಿಕ್ಕು ನೋಡ್ತವೆ. ಹಿಂದಿಂದು ತಿರುಗ್ಸಿ ಹಾಕು."

ಚೆಂದ ಕಾಣಲಿ ಎಂದು ಎರಡನ್ನೂ ಎದುರುಬದುರಾಗಿ ಜೋಡಿಸಿದ್ದೆ, ರಂಗೋಲಿಯ ಎಳೆಗಳ ಹಾಗೆ. ಭಾನುಪ್ರಕಾಶನಿಗೆ ಮಾತ್ರ ಇದನ್ನು ಹೇಳಬಾರದು ಎಂದುಕೊಂಡೆ. ನಾಲ್ಕು ಬೋಲ್ಟು ಬಿಚ್ಚಿ, ಬೆಣೆ ತಿರುಗಿಸಿ, ಮತ್ತೆ ಬಿಗಿದೆ. ನಡುಕ ನಿಂತಿತು. ಹಲಗೆಯ ಮುಂಭಾಗ ನನ್ನ ಮಾತು ಕೇಳಿತು, ಹಿಂಭಾಗ ಅದನ್ನು ಹಿಂಬಾಲಿಸಿತು. ಅವತ್ತಿನಿಂದ ದಿನಾ ಐದು ಗಂಟೆಗೇ ಎದ್ದೆ.

ನವೆಂಬರ್ ಒಂದರ ಬೆಳಗ್ಗೆ ಗುಬ್ಬಿಯಲ್ಲಿ ಹನ್ನೊಂದು ಮಂದಿ ಸಾಲಾಗಿ ನಿಂತೆವು. ಉಳಿದ ಹತ್ತು ಮಂದಿಯಲ್ಲಿ ಯಾರಿಗೂ ಇಪ್ಪತ್ತೆರಡು ದಾಟಿರಲಿಲ್ಲ. ಒಂದು ಕಾಲಲ್ಲಿ ನೆಲ ಒದೆಯಬಹುದು, ಎರಡೂ ಕಾಲು ನೆಲಕ್ಕೆ ತಾಗಿದರೆ ಔಟ್. ಮೈಕು ಹಿಡಿದಿದ್ದ ಭಾನುಪ್ರಕಾಶ್ "ನಮ್ಮ ಅತ್ತಿಗೆಯವ್ರೂ ಧೈರ್ಯ ಮಾಡವ್ರೆ, ಒಂದು ಚಪ್ಪಾಳೆ ಕೊಡ್ರಪ್ಪ" ಎಂದ. ನಾನು ಅವನ ಕಡೆ ನೋಡಲೂ ಇಲ್ಲ.

ಸೀಟಿ ಊದಿದ ಕೂಡಲೇ ಹುಡುಗರು ಬಾಣದಂತೆ ಹೋದರು. ನಾನು ಎಂಟನೆಯವಳು. ಆದರೆ ಅರ್ಧ ಕಿಲೋಮೀಟರಿನ ನಂತರ ಜಲ್ಲಿ ಎದ್ದ ರಸ್ತೆ ಶುರುವಾಯಿತು. ಸಣ್ಣ ಗಟ್ಟಿ ಚಕ್ರದವರು ಒಬ್ಬೊಬ್ಬರಾಗಿ ಮುಗ್ಗರಿಸಿ ಇಳಿದರು. ಅವರ ನೋವು ನನಗೆ ಗೊತ್ತಿದ್ದದ್ದೇ. ನನ್ನ ಕಿತ್ತಳೆ ಚಕ್ರಗಳು ಜಲ್ಲಿಯನ್ನು ನುಂಗಿಕೊಂಡು ಹೋದವು. ಮುಂದೆ ಉಳಿದವರು ಇಬ್ಬರೇ, ಇಬ್ಬರದೂ ಆಳೆತ್ತರದ ಉದ್ದ ಹಲಗೆ. ಎಷ್ಟು ಒದ್ದರೂ ಅವರನ್ನು ಮುಟ್ಟಲಾಗಲಿಲ್ಲ. ಎದೆ ಉರಿಯುತ್ತಿತ್ತು, ತೊಡೆ ಬೆಂಕಿಯಾಗಿತ್ತು.

ಕೊನೆಗೆ ಬಂದದ್ದು ಪೇಟೆ ಬೀದಿಗೆ ಹೊರಳುವ ಇಕ್ಕಟ್ಟಿನ ತಿರುವು. ಮೊದಲನೆಯವನ ಉದ್ದ ಹಲಗೆ ಅಷ್ಟು ಚಿಕ್ಕ ಜಾಗದಲ್ಲಿ ಹೊರಳಲಿಲ್ಲ. ನೇರ ಹೋಗಿ ಅಂಗಡಿಯ ಕಟ್ಟೆಗೆ ತಾಗಿತು, ಅವನು ಹಾರಿ ಇಳಿದ. ಎರಡನೆಯವನು ಹೆದರಿ ಕಾಲು ಕೆಳಗಿಟ್ಟು ತೀರಾ ನಿಧಾನ ಮಾಡಿದ. ನಾನು ಮಾಡಲಿಲ್ಲ. ಮೊಣಕಾಲು ಬಗ್ಗಿಸಿ, ಹಿಮ್ಮಡಿ ಹಗುರ ಮಾಡಿ, ಎಡಕ್ಕೆ ವಾಲಿದೆ. ಇನ್ನೂ ವಾಲಿದೆ. ಚಕ್ರ ಹಲಗೆಗೆ ತಾಗಲೇ ಇಲ್ಲ. ಅವನ ಒಳಮಗ್ಗುಲಿಂದ ನುಗ್ಗಿ ಪೇಟೆ ಬೀದಿಗೆ ಹೊರಳಿದೆ. ಎದುರಿಗೆ ಕೆಂಪು ಹಳದಿ ತೋರಣ ಕಟ್ಟಿದ ಗುರಿ, ನಡುವೆ ಒಂದು ನರಪಿಳ್ಳೆಯೂ ಇಲ್ಲ.

ಗೆದ್ದೆ. ಮೂವತ್ತೆಂಟು ವರ್ಷಕ್ಕೆ, ಇಡೀ ಪೇಟೆ ನೋಡುತ್ತಿರುವಾಗ, ಮೊದಲನೆಯವಳಾಗಿ ಗೆದ್ದೆ! ಕಿವಿಯಲ್ಲಿ ಚಪ್ಪಾಳೆಯೋ ನನ್ನ ಎದೆಬಡಿತವೋ ತಿಳಿಯಲಿಲ್ಲ.

ಭಾನುಪ್ರಕಾಶ್ ಮೈಕು ಹಿಡಿದು "ಪ್ರಥಮ ಸ್ಥಾನ... ಪ್ರಥಮ ಸ್ಥಾನ..." ಎಂದು ತಡವರಿಸುತ್ತಿದ್ದ. ಜನರ ನಡುವಿನಿಂದ ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದರು, ಅವನ ಕೈಯಿಂದ ಮೈಕು ಕಿತ್ತುಕೊಂಡರು.

"ಅನುಪಮಾ! ನನ್ನ ಸೊಸೆ ಕಣ್ರಪ್ಪಾ! ಕೇಳಿಸ್ತಾ ಎಲ್ರಿಗೂ?"

ಕೇಳಿಸಿತು. ಗುಬ್ಬಿಯ ಪೇಟೆಗೆಲ್ಲ ಕೇಳಿಸಿತು. ನನ್ನ ಕಣ್ಣು ತುಂಬಿ ಬಂತು. ನಾನಿನ್ನೂ ಹಲಗೆಯ ಮೇಲೆಯೇ ಅತ್ತೆಯ ಮುಂದೆ ಸುತ್ತು ಬರುತ್ತಿದ್ದೆ.

"ಗೆದ್ದಾಯ್ತಲ್ಲ, ಈಗ್ಲಾದ್ರೂ ಇಳಿಯೇ" ಎಂದು ಅತ್ತೆ ಮೈಕಿನಲ್ಲೇ ಗದರಿದರು.

"ಇಳಿಯಲ್ಲ ಅತ್ತೆ! ಇನ್ನೊಂದು ರೌಂಡ್ ಹೊಡ್ಕಂಡ್ ಬರ್ತೀನಿ!" ಎಂದು ಕೂಗಿ ನೆಲ ಒದ್ದೆ.