ನೀಲಿ ಎಳೆಯ ತುದಿ

ಬೆಂಚಿನ ರೆಕ್ಸಿನ್ನು ಹರಿದ ಕಡೆಯಿಂದ ಒಂದು ದಾರ ಇಣುಕುತ್ತಿದೆ, ಕಪ್ಪು ದಾರ, ಬೆರಳುದ್ದ, ಅವಳ ಕೈ ಆಗಲೇ ಅಲ್ಲಿಗೆ ಹೋಗಿ ತುದಿಯನ್ನು ಹಿಡಿದೂ ಬಿಟ್ಟಿದೆ, ಅಯ್ಯೋ, ಬಿಡು, ಬಿಡೇ — ಬೆಂಕಿ ಮುಟ್ಟಿದವಳಂತೆ ಕೈಯನ್ನು ಹಿಂದಕ್ಕೆ ಕಿತ್ತುಕೊಂಡು ತೊಡೆಯ ಕೆಳಗೆ ಅದುಮಿಕೊಂಡು ಕೂತಳು. ಎಳೆ ಕಂಡರೆ ಸಾಕು, ಎಳೆಯುವ ಕೈ ಇದು, ಇಪ್ಪತ್ತು ವರ್ಷದ ಅಭ್ಯಾಸ, ಹೆಣಿಗೆಯಲ್ಲಿ ತಪ್ಪು ಬಿತ್ತೋ, ತುದಿ ಹಿಡಿದು ಎಳೆದರಾಯಿತು, ಸರಸರ ಅಂತ ಸಾಲಿಗೆ ಸಾಲೇ ಬಿಚ್ಚಿಕೊಂಡು ಬರುತ್ತದೆ, ಮತ್ತೆ ಮೊದಲಿಂದ ಶುರು, ತಪ್ಪೇ ಆಗಿರಲಿಲ್ಲವೇನೋ ಎಂಬಂತೆ. ಎದುರಿಗೆ ಮುಚ್ಚಿದ ಬಾಗಿಲು, ಬಾಗಿಲ ಮೇಲೆ ಕೆಂಪು ಬಲ್ಬು, ಅದರಾಚೆ ಮೇಜಿನ ಮೇಲೆ ಉಂಡೆ. ಅವಳ ಉಂಡೆ. ಆರು ವರ್ಷದ ಹಿಂದೆ ಮನೆಗೆ ತಂದ ದಿನವೇ ನೂಲಿನ ಬುಟ್ಟಿಗೆ ಹತ್ತಿ ಮಲಗಿದ್ದ ನಾಯಿಮರಿ, ಯಾವುದು ಉಣ್ಣೆ ಯಾವುದು ಮರಿ ತಿಳಿಯದೆ ಗಂಡ ಕೈ ಹಾಕಿ ಕಚ್ಚಿಸಿಕೊಂಡು, ಲೇ, ನಿನ್ನ ನೂಲಿನ ಉಂಡೆಗೆ ಹಲ್ಲು ಬಂದಿದೆ ಕಣೇ, ಅಂದಿದ್ದ, ಅದೇ ಹೆಸರಾಯಿತು. ಈಗ ಹೊಟ್ಟೆಯ ಕೂದಲು ಬೋಳಿಸಿ, ನಾಲ್ಕೂ ಕಾಲು ಕಟ್ಟಿ — ಬೇಡ, ಅದು ಬೇಡ. ಲಂಗದ ಲಾಡಿ ಎಳೆದ್ರೆ ನೆರಿಗೆ ಬೀಳತ್ತಲ್ಲ, ಹಾಗೆ ಕರುಳು ಮುದುಡಿಕೊಂಡಿದೆ ನೋಡಿ, ಡಾಕ್ಟರಮ್ಮ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು, ದಾರ ನುಂಗಿದಾನೆ ಅನ್ಸತ್ತೆ, ಮನೇಲಿ ದಾರಗೀರ ಇದೆಯಾ? ಇದೆಯಾ ಅಂತೆ! ಅವಳ ಮನೆಯಲ್ಲಿ ದಾರ ಬಿಟ್ಟು ಇನ್ನೇನಿದೆ, ಕುರ್ಚಿಯ ಮೇಲೆ ನೂಲು, ಫ್ರಿಜ್ಜಿನ ತಲೆಯ ಮೇಲೆ ನೂಲು, ದಿಂಬಿನ ಕೆಳಗೆ ಹೆಣಿಗೆ ಕಡ್ಡಿ, ಗಂಡನ ಷರಟಿನ ಜೇಬಲ್ಲಿ ತಕಲಿ. ತುದಿ ಏನಾದ್ರೂ ಹಿಂದ್ಗಡೆಯಿಂದ ಹೊರಗೆ ಬಂದಿತ್ತಾ, ಎಳೆದ್ರಾ ನೀವು? ಎಳೆಯೋಕೆ ಹೋಗಲೇಬಾರ್ದು, ಒಳಗೆ ಗರಗಸದ ಥರ ಕುಯ್ಕೊಂಡು ಹೋಗತ್ತೆ.

ಇಲ್ಲ, ಅಂದಳು. ಇಲ್ಲ! ಯಾರು ಅಂದದ್ದು ಅದನ್ನು, ಅವಳ ಬಾಯಿಯೇ, ಅವಳ ಗಂಟಲೇ, ಎಷ್ಟು ಸಲೀಸಾಗಿ ಬಂತು, ಯಾರೋ ಟೈಮೆಷ್ಟು ಅಂತ ಕೇಳಿದ್ದಕ್ಕೆ ಹೇಳಿದ ಹಾಗೆ. ಸದ್ಯ, ಬದುಕಿಕೊಂಡ್ರಿ, ಹಾಗಾದ್ರೆ ಮೇಲ್ಗಡೆ ಮಾತ್ರ ಬಿಚ್ಚಿ ತೆಗೀತೀನಿ, ಕೊನೆವರೆಗೂ ಕುಯ್ಯೋ ಅಗತ್ಯ ಇಲ್ಲ, ಅಂದು ಡಾಕ್ಟರಮ್ಮ ಕೈಗವಸು ಏರಿಸಿಕೊಂಡು ಒಳಗೆ ಹೋದರು. ಮೇಲ್ಗಡೆ ಮಾತ್ರ. ಅವಳು ಎಳೆದದ್ದು ಕೆಳಗಿನ ತುದಿ. ಬೆಳಗ್ಗೆ ಏಳು ಗಂಟೆ, ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಉಂಡೆ ಬೆನ್ನು ಬಗ್ಗಿಸಿ ನಿಂತು ತಿಣುಕುತ್ತಿದ್ದ, ನಿನ್ನೆಯಿಂದ ಎರಡು ಸಲ ವಾಂತಿ, ಬಿಸಿಲಿಗೆ ಇರಬೇಕು ಅಂದುಕೊಂಡಿದ್ದಳು, ಬಾಲದ ಕೆಳಗೆ ನೀಲಿ, ಎರಡು ಅಂಗುಲ ನೀಲಿ. ಕೈ ಯೋಚಿಸಲಿಲ್ಲ. ತುದಿ ಹಿಡಿದು ಎಳೆಯಿತು, ಬಂತು, ಇನ್ನಷ್ಟು ಬಂತು, ಬರ್ತಾ ಇದೆ ಕಣೋ ರಾಜಾ, ಆಗೋಯ್ತು, ಒಂದು ಗೇಣಾಯಿತು, ಆಮೇಲೆ ಎಲ್ಲೋ ಸಿಕ್ಕಿಕೊಂಡು ಬಿಗಿಯಿತು, ಅವನು ತಿರುಗಿ ನೋಡಿದ —

ಏನಮ್ಮ ನಿಮ್ಮದು, ಪಕ್ಕದಲ್ಲಿ ಬೆಕ್ಕಿನ ಬುಟ್ಟಿ ಇಟ್ಟುಕೊಂಡ ಮುದುಕರು ಕೇಳುತ್ತಿದ್ದಾರೆ, ನಾಯಿ, ದಾರ ನುಂಗಿದೆ, ಓ ಅಷ್ಟೇನಾ, ಯೋಚ್ನೆ ಬಿಡಿ, ನಮ್ಮ ಮಹಾರಾಣಿ ನನ್ನ ಹಲ್ಲಿನ ಸೆಟ್ಟನ್ನೇ ಕದ್ದು ಅಲಮಾರಿ ಹಿಂದೆ ಇಟ್ಟಿದ್ಲು, ಮೂರು ದಿನ ಬರೀ ಹಾಲು ಕುಡಿದೆ, ಇವಳು ಕೂತು ನೋಡ್ತಿದ್ಲು. ನಗಬೇಕು, ನಕ್ಕಳು, ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿದೆ. ಗಟ್ಟಿ ದಾರವೋ? ಗಟ್ಟಿ. ಗಟ್ಟಿಯೆಂದರೆ ಎಂಥ ಗಟ್ಟಿ! ಸೋದರತ್ತೆ ತಕಲಿ ಹಿಡಿಸಿದ ದಿನದಿಂದ ಒಂದೇ ಮಾತು, ಹುರಿ ಸಾಲ್ದು ಕಣೇ, ಇನ್ನೊಂದು ಹಾಕು, ಎಳೆದ್ರೆ ಕಡಿಯೋದನ್ನ ನೂಲು ಅಂತಾರಾ? ಉಂಡೆಯ ಮೈ ಬಾಚಿದ ಕೂದಲನ್ನೆಲ್ಲ ವರ್ಷವಿಡೀ ದಿಂಬಿನ ಚೀಲದಲ್ಲಿ ಕೂಡಿಟ್ಟು, ಉಣ್ಣೆಗೆ ಬೆರೆಸಿ ನೂತು, ಎರಡೆಳೆ ಕೂಡಿಸಿ ಹುರಿ ಮಾಡಿ, ನೀಲಿ ಬಣ್ಣದಲ್ಲಿ ಅದ್ದಿದ್ದು, ಗಂಡನಿಗೆ ಮಫ್ಲರ್ ಮಾಡೋಣವೆಂದು. ನಾಯಿ ಕೂದಲು ಸುತ್ಕೊಂಡು ಓಡಾಡ್ಲಾ, ಬೀದಿ ನಾಯಿಗಳೆಲ್ಲ ಅಣ್ಣಾ ಅಂತ ಹಿಂದೆ ಬರ್ತವೆ, ಅಂತ ಅವನ ಗೋಳು. ತಾನು ಕೆಲಸ ಮಾಡುವ ಅಂಚೆ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಪಾರ್ಸಲ್ ವಿಭಾಗದವರ ಕೈಗೆ ಒಂದು ಮೊಳ ಕೊಟ್ಟು, ಎಳೀರಿ ಸಾರ್, ನಾಚ್ಕೋಬೇಡಿ, ಇನ್ನೂ ಎಳೀರಿ, ಅಂದಿದ್ದಳಲ್ಲ, ಮುಖ ಕೆಂಪಗಾಗುವ ತನಕ ಎಳೆದು, ತಾಯೀ, ಇದ್ರಲ್ಲಿ ಲಾರಿ ಕಟ್ಟಿ ಎಳೀಬಹುದು, ಅಂತ ಕೈಮುಗಿದಿದ್ದರು, ಆ ದಿನವಿಡೀ ಅವಳು ನೆಲದ ಮೇಲೆ ನಡೆದಿರಲಿಲ್ಲ. ಅಂಗಡಿಯ ದಾರವಾಗಿದ್ದರೆ ಕಡಿದುಹೋಗುತ್ತಿತ್ತು. ಉಂಡೆಯದೇ ವಾಸನೆಯ ನೂಲು, ಅದಕ್ಕೇ ಅಗಿದಿದ್ದಾನೆ, ಮೊನ್ನೆ ಫೋನು ಬಂತೆಂದು ಬುಟ್ಟಿಯನ್ನು ನೆಲದ ಮೇಲೇ ಬಿಟ್ಟು ಎದ್ದಿದ್ದಳು, ಮಾತು ಮುಗಿಸಿ ಬಂದರೆ ಮಫ್ಲರಿನ ಅಂಚು ಒದ್ದೆ, ಕಳ್ಳಾ ಅಂತ ಕಿವಿ ಹಿಂಡಿ ಮುತ್ತು ಕೊಟ್ಟಿದ್ದಳು, ಎಷ್ಟು ಎಳೆ ಕಮ್ಮಿಯಾಗಿದೆ ಅಂತ ನೋಡಲೇ ಇಲ್ಲ, ದೇವರೇ, ನೋಡಲೇ ಇಲ್ಲ. ಬೆಳಗ್ಗೆ ಬಿಗಿದ ಮೇಲಾದರೂ ಬಿಟ್ಟಳೇ, ಬೆರಳಿಗೆ ಒಂದು ಸುತ್ತು ಸುತ್ತಿಕೊಂಡು ಇನ್ನೊಮ್ಮೆ ಎಳೆದಳು, ಅವನು ತಿರುಗಿ ನೋಡಿದ, ಕುಂಯ್ ಅನ್ನಲಿಲ್ಲ, ತಿರುಗಿ —

ಆ ಗೇಣುದ್ದವನ್ನು ಕತ್ತರಿಸಿ, ತೊಳೆದು, ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡಿದ್ದಾಳೆ, ಯಾಕೆ, ನೂಲು ಹಾಳು ಮಾಡಬಾರದೆಂದೇ, ಥೂ. ತೋರುಬೆರಳಿನ ಮೇಲೆ ಇನ್ನೂ ಗೀರಿದೆ. ಬೆರಳಿಗೇ ಹೀಗಾದರೆ ಕರುಳಿಗೆ — ಎದ್ದಳು. ಕಾಲು ತಾವಾಗಿ ಎದ್ದವು, ಬಾಗಿಲು ಬಡಿದಳು, ನರ್ಸು ಅರ್ಧ ಮುಖ ತೋರಿಸಿ, ಒಳಗೆ ಬರೋ ಹಾಗಿಲ್ಲಮ್ಮ, ಕೂತ್ಕೊಳ್ಳಿ, ಇಲ್ಲ, ಕೇಳಿ, ನಾನು ಸುಳ್ಳು ಹೇಳ್ದೆ, ನಾನು ಎಳೆದಿದೀನಿ, ಹಿಂದ್ಗಡೆಯಿಂದ, ಎರಡು ಸಲ, ಜೋರಾಗಿ. ನರ್ಸು ಒಳಕ್ಕೆ ತಿರುಗಿದಳು. ಒಳಗಿನಿಂದ ಡಾಕ್ಟರಮ್ಮನ ದನಿ, ಎಷ್ಟು ಉದ್ದ ಬಂತು ಕೇಳು, ಬೇಗ ಕೇಳು, ಹೊಲಿಗೆ ಶುರು ಮಾಡ್ತಿದ್ದೆ ನಾನು! ಶುರು ಮಾಡ್ತಿದ್ದೆ — ಮುಚ್ಚಿಬಿಡುತ್ತಿದ್ದರು, ಇನ್ನೊಂದು ಗಳಿಗೆ ಅವಳು ಬೆಂಚಿನ ಮೇಲೆ ನಗುತ್ತ ಕೂತಿದ್ದರೆ ಹರಿದ ಕರುಳಿನ ಮೇಲೆಯೇ ಹೊಲಿದು ಮುಚ್ಚಿಬಿಡುತ್ತಿದ್ದರು. ಪರ್ಸು ತೆರೆದು ಕಾಗದ ಬಿಚ್ಚಿ ನೀಲಿ ಎಳೆಯನ್ನು ನರ್ಸಿನ ಅಂಗೈಗೆ ಹಾಕಿದಳು, ಇಷ್ಟು, ನೋಡಿ, ಇಷ್ಟುದ್ದ. ಬಾಗಿಲು ಮುಚ್ಚಿತು. ಕೆಳಗಡೆನೂ ಬಿಚ್ಚಬೇಕು, ಲೈಟು ಈ ಕಡೆ ಹಿಡಿ, ಇಲ್ಲಿ, ಇಲ್ಲಿ ನೋಡು — ಆಮೇಲೆ ತಟ್ಟೆಗೆ ಏನೋ ಲೋಹ ಬಿದ್ದ ಸದ್ದು, ಅಷ್ಟೇ. ಇಲ್ಲಿ ನೋಡು ಅಂದರೆ ಏನು ನೋಡಿದರು. ಕೂತ್ಕೊಳ್ಳಮ್ಮ, ಮುದುಕರು ಅನ್ನುತ್ತಿದ್ದಾರೆ, ಅವಳು ನಿಂತೇ ಇದ್ದಾಳೆ, ಕೈ ಖಾಲಿ, ತೋರುಬೆರಳು ಮಾತ್ರ ಸುತ್ತಿಕೊಂಡಂತೆ ಮಡಿಚಿಕೊಂಡೇ ಇದೆ, ಬಿಚ್ಚಲು ಬರುತ್ತಿಲ್ಲ, ಹಿತ್ತಲು, ಹಗ್ಗದ ನೆರಳು, ಎಳೆ ಬಿಗಿದಿದೆ, ಅವನು ತಿರುಗಿ ನೋಡಿದ, ಎಳೆ ಬಿಗಿದಿದೆ, ಅವನು ತಿರುಗಿ ನೋಡಿದ, ಎಳೆಯುತ್ತಿರುವುದು ಅವಳು ಅಂತ ಕಂಡು, ಬಾಲ ಅಲ್ಲಾಡಿಸಿದ.