ಮಿಡಲ್ ಕ್ಲಾಸ್ ಮಂದಿ

ಮಲ್ಲಸಮುದ್ರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಮೇಲೆ ಸಾವಿತ್ರೆವ್ವ ತನ್ನ ಅಕ್ಕನನ್ನು ಹಿತ್ತಲ ಬಾಗಿಲಿನಿಂದಲೇ ಒಳಗೆ ಕರೆಯತೊಡಗಿದ್ದಳು. ಅಕ್ಕ ಅಮೃತವ್ವ ವಿಧವೆ, ಬೆಟಗೇರಿಯ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದವಳು. ಸಾವಿತ್ರೆವ್ವನ ಗಂಡ ಉಳವಪ್ಪ ಸೊಸೈಟಿಯೊಂದರಲ್ಲಿ ಗುಮಾಸ್ತ. ಅಷ್ಟಕ್ಕೇ "ನಾವು ಮಿಡಲ್ ಕ್ಲಾಸ್ ಮಂದಿ" ಎಂಬ ಮಾತು ಸಾವಿತ್ರೆವ್ವನ ನಾಲಿಗೆಯ ಮೇಲೇ ಕೂತುಬಿಟ್ಟಿತ್ತು.

ಲಕ್ಷ್ಮೇಶ್ವರದ ಗೊಬ್ಬರದ ದೊಡ್ಡ ವ್ಯಾಪಾರಿಯ ಮನೆಯವರು ತಮ್ಮ ಮಗ ವೀರುವಿಗಾಗಿ ಅವಳ ಮಗಳು ವಾಣಿಶ್ರೀಯನ್ನು ನೋಡಲು ಬರುವವರಿದ್ದರು. ಅಂದು ಅಡುಗೆಗೆ ಅಕ್ಕನೇ ಬೇಕಾದಳು.

"ಅಕ್ಕಾ, ಅವರು ಬಂದಾಗ ಹೊರಗ ಬರಬ್ಯಾಡ. ಕೇಳಿದ್ರ ಅಡಗಿ ಮಾಡಾಕ ಬಂದಾಕಿ ಅಂತ ಹೇಳ್ತೀನಿ."

ಅಮೃತವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಅಡಗಿ ಮಾಡಾಕನ ಬಂದೀನಲ್ಲ," ಎಂದಳು.

ಎರಡು ಕಾರು ತುಂಬ ಜನ ಬಂದಿಳಿದರು. ಉಪ್ಪಿಟ್ಟು, ಚಹಾ ಆಯಿತು. ವೀರುವಿನ ತಾಯಿ ಬಂಗಾರದ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, "ನಾವೇನು ಶ್ರೀಮಂತರಲ್ರಿ, ಮಿಡಲ್ ಕ್ಲಾಸ್ ಮಂದಿ," ಎಂದಳು.

ಸಾವಿತ್ರೆವ್ವನಿಗೆ ಹಿಗ್ಗೋ ಹಿಗ್ಗು. "ನಾವೂ ಅಷ್ಟರಿ. ನಿಮ್ಮಂಗನ ಮಿಡಲ್ ಕ್ಲಾಸ್."

ವೀರುವಿನ ತಾಯಿ ಸುತ್ತ ನೋಡಿದಳು. ಬಣ್ಣ ಕಾಣದ ಗೋಡೆ, ಪಕ್ಕದ ಮನೆಯಿಂದ ತಂದ ಕುರ್ಚಿ, ಉಳವಪ್ಪನ ಸವೆದ ಕಾಲರು. ನಕ್ಕುಬಿಟ್ಟಳು.

"ಬಡವರು ಅನ್ನಾಕ ನಾಚಿಕಿ ಯಾಕ್ರಿ? ಬಡವರ ಮನಿ ಹೆಣ್ಣ ಬೇಕಂತ ಹುಡುಕ್ಕೊಂತ ಬಂದೀವಿ. ಇದ್ದವರ ಮನಿ ಹುಡುಗ್ಯಾರು ಹೇಳಿದ್ದು ಕೇಳೂದಿಲ್ಲ."

ಉಳವಪ್ಪ ನೆಲ ನೋಡಿದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಡವರಲ್ಲವೆಂದರೆ ಇವರು ಎದ್ದು ಹೋಗುತ್ತಾರೆ ಎಂದು ಸಾವಿತ್ರೆವ್ವನಿಗೆ ಗೊತ್ತಿತ್ತು.

"ಹೂನ್ರಿ," ಎಂದಳು. "ನಾವು ಬಡವರ."

ಮದುವೆಯ ಮಾತು ಮುಗಿದು ಕಾರುಗಳು ಹೊರಟವು. ಸಾವಿತ್ರೆವ್ವ ಒಳಗೆ ಬಂದಾಗ ವಾಣಿಶ್ರೀ ಅಡುಗೆಮನೆಯಲ್ಲಿ ದೊಡ್ಡವ್ವನ ಭುಜಕ್ಕೆ ಆತುಕೊಂಡು ನಿಂತಿದ್ದಳು. "ಅವ್ವಾ, ನಾ ಒಲ್ಲೆ. ಅವರಿಗೆ ಸೊಸಿ ಬೇಕಾಗಿಲ್ಲ, ಆಳು ಬೇಕಾಗೈತಿ."

"ಬಾಯಿ ಮುಚ್ಚು. ಕಾರಿನ್ಯಾಗ ಅಡ್ಡಾಡಾಕಿ ನೀ."

"ಹುಡುಗಿ ಒಲ್ಲೆ ಅನ್ನಾಕತ್ತೈತಿ, ಸಾವಿತ್ರಿ," ಎಂದಳು ಅಮೃತವ್ವ.

ಹೊರಗೆ ನುಂಗಿಕೊಂಡಿದ್ದ ಅವಮಾನವೆಲ್ಲ ಸಾವಿತ್ರೆವ್ವನ ಬಾಯಿಗೆ ಬಂತು. "ನಿನ್ನ ಕೆಲಸ ಆತಲ್ಲ? ನಡಿ. ಕೂಲಿ ಮಾಡಾಕಿ ನನ್ನ ಮಗಳಿಗೆ ಬುದ್ಧಿ ಹೇಳಬ್ಯಾಡ."

ಅಮೃತವ್ವ ಕೈ ತೊಳೆದುಕೊಂಡು ಹೊರಟುಹೋದಳು. ಮದುವೆಗೆ ಅವಳನ್ನು ಕರೆಯಲಿಲ್ಲ.

ಗದಗಿನ ದೊಡ್ಡ ಕಲ್ಯಾಣಮಂಟಪದಲ್ಲಿ ಅಕ್ಷತೆ ಬಿದ್ದೊಡನೆ ವೀರುವಿನ ತಂದೆ ಮೈಕು ಹಿಡಿದ. "ನಾವು ಕಡುಬಡವರ ಮನಿ ಹೆಣ್ಣುಮಗಳಿಗೆ ಬಾಳು ಕೊಟ್ಟೀವಿ. ಒಂದು ರೂಪಾಯಿ ವರದಕ್ಷಿಣಿ ತಗೊಂಡಿಲ್ಲ."

ಚಪ್ಪಾಳೆ ಬಿತ್ತು. ಮಲ್ಲಸಮುದ್ರದ ನೆರೆಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಳವಪ್ಪ ಎದ್ದು ಹೊರಗೆ ಹೋದ.

"ಮಂದಿ ನೋಡಾಕತ್ತಾರ, ಕೈ ಮುಗೀರಿ," ಎಂದು ಬೀಗತಿ ಸಾವಿತ್ರೆವ್ವನ ಕಿವಿಯಲ್ಲಿ ಹೇಳಿದಳು.

ಬಾಸಿಂಗದ ಕೆಳಗಿನಿಂದ ಮಗಳು ಅವಳನ್ನೇ ನೋಡುತ್ತಿದ್ದಳು. ಸಾವಿತ್ರೆವ್ವ ಅತ್ತ ನೋಡದೆ ಸಭೆಗೆ ಕೈ ಮುಗಿದಳು. ಫೋಟೋದವನು ಇನ್ನೊಮ್ಮೆ ಎಂದ. ಇನ್ನೊಮ್ಮೆ ಮುಗಿದಳು.