ತೆನೆಂಗಜ್ಜಿ ನುಂಗಿದ ಗೋಲಿ

"ಬಾಯ್ ತಗಿಯೇ ಮುದಿ ಗೂಬೆ! ಅಗಲ್ವಾಗ್ ತಗಿ. ಎಲ್ಲೇ ಗೋಲಿ?"

ಯಾಂಕುಬಾ ತೆನೆಂಗಜ್ಜಿಯ ದವಡೆ ಹಿಡಿದು ಬೆರಳು ತೂರಿಸಿದ. ಸಾಲಿನಲ್ಲಿದ್ದ ನಾವೆಲ್ಲ ನೋಡುತ್ತ ನಿಂತಿದ್ದೆವು.

"ನುಂಗ್ಬುಟ್ಟೆ ಕಣಪ್ಪಾ. ಕೆಮ್ಮು ಬಂತು, ಗುಳುಕ್ಕಂತ ಒಳಕ್ಕೋಯ್ತು."

ನಮ್ಮ ಗ್ಯಾಂಬಿಯಾದಲ್ಲಿ ಓಟು ಹಾಕುವುದು ಗೋಲಿಯಲ್ಲಿ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೀಪಾಯಿ. ಗೋಲಿ ಬಿಟ್ಟರೆ ಒಳಗಿನ ಗಂಟೆ ಠಣ್ ಎನ್ನುತ್ತದೆ. ಯಾವ ಪೀಪಾಯಿಗೆ ಬಿಟ್ಟರೂ ಸದ್ದು ಒಂದೇ. ಯಾಂಕುಬಾನಿಗೆ ಅದೇ ತಲೆನೋವು. ತನ್ನ ಕಡೆಯವನಿಗೇ ಹಾಕುತ್ತೇವೆಂದು ನಮ್ಮನ್ನು ನಂಬಲಾರ, ಹಾಗಾಗಿ ನಾವು ಹಾಕಲೇಬಾರದು. ಗೋಲಿಯನ್ನು ದವಡೆಯಲ್ಲಿಟ್ಟುಕೊಂಡು ಬಂದು, ಮಾವಿನ ಮರದಡಿ ಅವನ ಅಂಗೈಗೆ ಉಗುಳಬೇಕು. ಒಳಗಿದ್ದ ಅಧಿಕಾರಿ ಅವನ ಭಾವಮೈದ, ಕಂಡೂ ಕಾಣದವನ ಹಾಗೆ ಕೂತಿದ್ದ. ನಾವು ಮಾಡುವ ಭತ್ತದ ಗದ್ದೆಗಳೆಲ್ಲ ಯಾಂಕುಬಾನವೇ. ಠಣ್ ಎಂದರೆ ಗದ್ದೆ ಹೋಯಿತು.

"ಕಳ್ಳ ಮುಂಡೆ, ಇಲ್ಲೇ ಕುಕ್ರುಸು. ಅದು ಹಿಂದ್ಗಡೆಯಿಂದ ಬರೋಗಂಟ ಏಳಂಗಿಲ್ಲ."

ಅವನ ಗಂಡಾಳುಗಳು ಬಿದ್ದು ಬಿದ್ದು ನಕ್ಕರು. ನನ್ನ ಮೂರೂ ಹೆರಿಗೆ ಮಾಡಿಸಿದ ಅಜ್ಜಿ ಎಲ್ಲರ ಮುಂದೆ ಕುಕ್ಕರಗಾಲಲ್ಲಿ ಕೂತು, ತಲೆಯ ಬಟ್ಟೆ ಬಿಚ್ಚಿ ಮುಖ ಮುಚ್ಚಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಸಿರಾ, ಇನ್ನು ನೀನು. ನಿನ್ ಗದ್ದೇಲಿ ತೆನೆ ಬಾಗೈತೆ, ಗ್ಯಾಪ್ಕ ಇರ್ಲಿ."

"ಐತೆ ಕಣಣ್ಣ," ಎಂದೆ.

ಪರದೆಯ ಹಿಂದೆ ಹೋದೆ. ಮಕ್ಕಳ ವರ್ಷದ ಅನ್ನ ಆ ಗದ್ದೆಯಲ್ಲಿತ್ತು. ಸುಳ್ಳೇಕೆ ಹೇಳಲಿ, ಗೋಲಿಯನ್ನು ದವಡೆಗೆ ಇಟ್ಟೂ ಇಟ್ಟೆ. ಹೊರಗೆ ಅಜ್ಜಿ ಕೆಮ್ಮಿದಳು. "ತಿಣುಕೇ, ಇನ್ನೂ ತಿಣುಕು!" ಎಂದು ಯಾರೋ ಕೂಗಿದ, ಮತ್ತೆ ನಗು. ಗೋಲಿಯನ್ನು ಅಂಗೈಗೆ ಉಗುಳಿಕೊಂಡು, ಯಾಂಕುಬಾನಿಗೆ ಕಂಡರಾಗದವನ ಪೀಪಾಯಿಗೆ ಬಿಟ್ಟೆ.

ಠಣ್.

ಹೊರಗೆ ನಗು ನಿಂತಿತು. ಪರದೆ ಸರಿಸಿ ಬಂದು ಯಾಂಕುಬಾನ ಎದುರು ನಿಂತೆ.

"ನೀನೇನೇ ಬೋಸುಡಿ?"

"ಹೂಂ, ನಾನೇಯ."

"ಲೇ, ಬಿಡ್ರೋ ದನಾನ ಇವಳ ಗದ್ದೆಗೆ!"

ಇಬ್ಬರು ಓಡಿದರು. ನಾನು ಅಜ್ಜಿಯ ರಟ್ಟೆ ಹಿಡಿದೆ. "ಏಳವ್ವ. ಕೂತಿದ್ದು ಸಾಕು." ಎದ್ದು, ತಲೆಯ ಬಟ್ಟೆ ಮತ್ತೆ ಸುತ್ತಿಕೊಂಡಳು.

ನನ್ನ ಹಿಂದಿದ್ದವಳು ಜಾಬು. ಯಾಂಕುಬಾನ ಮನೆಯಲ್ಲೇ ಭತ್ತ ಕುಟ್ಟುವವಳು, ಒಂದು ದಿನಕ್ಕೂ ಎದುರಾಡಿದವಳಲ್ಲ. ಅವಳು ನನ್ನ ಮುಖ ನೋಡದೆ ಒಳಗೆ ಹೋದಳು. ಯಾಂಕುಬಾ ಆಗಲೇ ಅಂಗೈ ಚಾಚಿ ನಿಂತಿದ್ದ. ಹೊಳೆಯ ಕಡೆಯಿಂದ ದನ ಅಟ್ಟುವ ಕೂಗು ಕೇಳತೊಡಗಿತು. ನನ್ನ ಗದ್ದೆ ಇರುವುದು ಅಲ್ಲೇ.

ಒಳಗಿನಿಂದ ಠಣ್ ಎಂದಿತು.